ಮುಗಿಯೋಕೆ ಮುಂಚೇನೇ ತೋರಿಸ್ಬಿಟ್ಟೆ

ನಾನು ಮಾಡ್ತಿರೋ ಕಾಮಿಕ್ಸ್‌ದು 14ನೇ ಪುಟ, ಬರೀ ಪೆನ್ಸಿಲ್ ಗೀಟು, ಬಣ್ಣ ಇಲ್ಲ, ಡೈಲಾಗೂ ಪೂರ್ತಿ ಇಲ್ಲ, ನಿನ್ನೆ ರಾತ್ರಿ ಹಾಗೇ ಸ್ಟೇಟಸ್‌ಗೆ ಹಾಕ್ಬಿಟ್ಟೆ. ಐದೇ ನಿಮಿಷಕ್ಕೆ ಡಿಲೀಟ್ ಮಾಡೋಣ ಅಂತ ಕೈ ಕಡೀತಿತ್ತು, ಅಷ್ಟರಲ್ಲಿ ಒಬ್ರು ಕೇಳಿದ್ರು, ಆ ಹುಡುಗಿ ಬ್ಯಾಗು ಮೊದಲ್ನೇ ಚಿತ್ರದಲ್ಲಿ ಎಡ ಭುಜದ ಮೇಲಿದೆ, ಮೂರನೇದ್ರಲ್ಲಿ ಬಲಕ್ಕೆ ಹೋಗಿದ್ಯಲ್ಲಾ ಅಂತ. ಮೂರು ವಾರದಿಂದ ದಿಟ್ಟಿಸಿ ನೋಡ್ತಿದೀನಿ, ನನ್ ಕಣ್ಣಿಗೇ ಬಿದ್ದಿರ್ಲಿಲ್ಲ! ಇಂಕ್ ಹಾಕಿದ್ಮೇಲೆ ಗೊತ್ತಾಗಿದ್ರೆ ಇಡೀ ಪುಟ ಮತ್ತೆ ಬರೀಬೇಕಿತ್ತು.

1991ರ ಆಗಸ್ಟ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಕೂಡ ತಾನು ಬರೀತಿದ್ದ ಲಿನಕ್ಸ್ (ವಿಂಡೋಸ್ ಥರ ಕಂಪ್ಯೂಟರ್ ನಡೆಸೋ ಆಪರೇಟಿಂಗ್ ಸಿಸ್ಟಮ್) ರೆಡಿ ಆಗೋಕೆ ಮುಂಚೇನೇ, ಸುಮ್ನೆ ಹವ್ಯಾಸಕ್ಕೆ ಮಾಡ್ತಿದೀನಿ, ನಿಮ್ಗೆ ಏನೇನ್ ಬೇಕು ಹೇಳಿ ಅಂತ ಕೇಳಿದ್ರು, ಮೊದಲ ಕೋಡ್ ಹೊರಗೆ ಬಂದಿದ್ದು ಸೆಪ್ಟೆಂಬರ್‌ನಲ್ಲಿ. (ನನ್ ಕಾಮಿಕ್ಸನ್ನ ಅದಕ್ಕೆ ಹೋಲಿಸ್ತಿಲ್ಲ ಮಾರಾಯ್ರೆ.)

ಒಂದೇ ಭಯ, ನಾಲ್ಕು ಲೈಕ್ ಬಂದ್ರೆ ಸಾಕು, ಕೆಲಸ ಮುಗಿದೇ ಹೋಯ್ತು ಅನ್ನೋ ಖುಷಿ ಬಂದ್ಬಿಡತ್ತೆ, ಆಮೇಲೆ ಪೆನ್ಸಿಲ್ ಮುಟ್ಟೋಕೆ ಮನಸ್ಸೇ ಬರಲ್ಲ. ಅದಕ್ಕೇ ಕ್ಲೈಮ್ಯಾಕ್ಸ್ ಮಾತ್ರ ಯಾರಿಗೂ ತೋರಿಸಲ್ಲ, ಕೇಳ್ಬೇಡಿ. ಬ್ಯಾಗು ಸದ್ಯಕ್ಕೆ ಎಡಕ್ಕೇ ಇರ್ಲಿ.