ಭಯಕ್ಕೆ ಗ್ಯಾಸ್ ಉಂಟು, ಬಣ್ಣಕ್ಕೆ ಎಚ್ಚರ ಬೇಕು

ಹಲ್ಲಿನ ಅಂದದ ಚಿಕಿತ್ಸೆಗೆಂದು ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಹೆದರಿಕೆಯುಳ್ಳವರು ಬಹಳ ಮಂದಿ ಎಂದರೆ ಅನೇಕರು ನಂಬುವುದಿಲ್ಲ. ಯಾರ ಒತ್ತಾಯವೂ ಇಲ್ಲದೆ, ತಾವಾಗಿಯೇ ಬಯಸಿ, ಹಣ ಕೊಟ್ಟು ಮಾಡಿಸಿಕೊಳ್ಳುವ ಚಿಕಿತ್ಸೆಗೆ ಹೆದರುವುದೇಕೆ ಎಂದು ಕೇಳುತ್ತಾರೆ. ಕಾರಣ ಸರಳವಾಗಿದೆ. ಬಾಲ್ಯದಲ್ಲಿ ಒಂದು ಹುಳುಕು ಹಲ್ಲನ್ನು ಸರಿಯಾಗಿ ಮರಗಟ್ಟಿಸದೆ ಕೀಳಿಸಿಕೊಂಡವರು ಮುಂದೆ ಹತ್ತಾರು ವರ್ಷ ದಂತವೈದ್ಯರ ಬಾಗಿಲು ತುಳಿಯುವುದಿಲ್ಲ. ಅಷ್ಟರಲ್ಲಿ ಹುಳುಕು ದವಡೆಹಲ್ಲಿನಿಂದ ಬಾಚಿಹಲ್ಲಿನವರೆಗೆ ಬಂದಿರುತ್ತದೆ, ನಗುವಾಗ ಕೈ ತಾನಾಗಿಯೇ ಬಾಯಿಗೆ ಹೋಗತೊಡಗುತ್ತದೆ. ದೂರ ಇರಿಸಿದ ಭಯವೇ ಕೊನೆಗೆ ಅಂದದ ನೆಪದಲ್ಲಿ ಅವರನ್ನು ಕುರ್ಚಿಯ ತನಕ ಕರೆತರುತ್ತದೆ.

ತುಮಕೂರಿನಲ್ಲಿ ವೃತ್ತಿ ಮಾಡುವ ನನ್ನಂಥವರಿಗೆ ಇನ್ನೊಂದು ಬಗೆಯ ರೋಗಿಗಳೂ ಇದ್ದಾರೆ. ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ಬರುವ ಅನೇಕರ ಹಲ್ಲಿಗೆ ಹುಳುಕೇ ಇರುವುದಿಲ್ಲ, ಇರುವುದು ಕಂದು ಕಲೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದ ಊರುಗಳಲ್ಲಿ ಬೆಳೆದವರು ಇವರು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಸಹಿಸಬಹುದು. ಅದನ್ನು ಮೀರಿದ ನೀರನ್ನು ಸುಮಾರು ಎಂಟು ವರ್ಷದೊಳಗಿನ ಮಗು, ಅಂದರೆ ಶಾಶ್ವತ ಹಲ್ಲುಗಳ ಎನಾಮಲ್ (ಹೊರಗಿನ ಗಟ್ಟಿ ಪದರ) ಇನ್ನೂ ವಸಡಿನೊಳಗೆ ರೂಪುಗೊಳ್ಳುತ್ತಿರುವ ವಯಸ್ಸಿನ ಮಗು, ನಿರಂತರವಾಗಿ ಕುಡಿದರೆ ಹಲ್ಲು ಹುಟ್ಟುವಾಗಲೇ ದೋಷ ಹೊತ್ತು ಬರುತ್ತದೆ, ಮುಂದೆ ಅದೇ ಕಂದು ಕಲೆಯಾಗುತ್ತದೆ. ದೊಡ್ಡವರಾದ ಮೇಲೆ ಆ ನೀರು ಕುಡಿದರೆ ಹಲ್ಲಿಗೆ ಈ ಕಲೆ ಬರುವುದಿಲ್ಲ, ಎಷ್ಟು ಉಜ್ಜಿದರೂ ಬಂದ ಕಲೆ ಹೋಗುವುದೂ ಇಲ್ಲ. ಬೂದಿ, ಇಟ್ಟಿಗೆಪುಡಿ, ಉಪ್ಪು ಹಾಕಿ ತಿಕ್ಕಿ ಎನಾಮಲ್ ಸವೆಸಿಕೊಂಡು ಬಂದವರನ್ನು ನೋಡುವಾಗ ನನಗೆ ಕಲೆಗಿಂತ ಆ ಸವೆತವೇ ಹೆಚ್ಚು ಚಿಂತೆಗೆ ಕಾರಣವಾಗುತ್ತದೆ.

ಈ ಎರಡೂ ಬಗೆಯವರು ಕೇಳುವ ಮಾತು ಮಾತ್ರ ಒಂದೇ: “ಮಲಗಿಸಿ ಮಾಡಿಬಿಡಿ ಡಾಕ್ಟ್ರೇ, ಎದ್ದಾಗ ಎಲ್ಲ ಮುಗಿದಿರಲಿ.” ಸೆಡೇಶನ್ ಎಂದರೆ ಇದೇ ಎಂದು ಹೆಚ್ಚಿನವರ ಕಲ್ಪನೆ. ಸೆಡೇಶನ್ ಬೇರೆ, ಪೂರ್ಣ ಅರಿವಳಿಕೆ ಬೇರೆ. ಪೂರ್ಣ ಅರಿವಳಿಕೆಯಲ್ಲಿ ರೋಗಿಯನ್ನು ಎಬ್ಬಿಸಿದರೂ ಏಳುವುದಿಲ್ಲ, ಉಸಿರಾಟವನ್ನು ಅರಿವಳಿಕೆ ತಜ್ಞರು ನೋಡಿಕೊಳ್ಳಬೇಕು, ಅದು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯ ಕೆಲಸ. ದಂತವೈದ್ಯರು ಸಾಮಾನ್ಯವಾಗಿ ಹೇಳುವ ಸೆಡೇಶನ್‌ನಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾರೆ, ಬಾಯಿ ತೆರೆಯಿರಿ ಎಂದರೆ ತೆರೆಯುತ್ತಾರೆ, ಆದರೆ ಎದೆಯ ಢವಢವ ಇಳಿದಿರುತ್ತದೆ. ಇನ್ನೊಂದು ಮುಖ್ಯ ಮಾತೆಂದರೆ ಸೆಡೇಶನ್ ಇಳಿಸುವುದು ಮುಖ್ಯವಾಗಿ ಭಯವನ್ನು. ನೋವು ತಡೆಯಲು ವಸಡಿಗೆ ಮರಗಟ್ಟುವ ಚುಚ್ಚುಮದ್ದು ಅದರ ಜೊತೆಗೆ ಬೇಕೇ ಬೇಕು. ಸೂಜಿಯಿಂದ ಪಾರಾಗಲೆಂದು ಸೆಡೇಶನ್ ಕೇಳುವವರಿಗೆ ಇದನ್ನು ಹೇಳುವಾಗ ಅವರ ಮುಖ ಇಳಿಯುವುದನ್ನು ನೋಡಿದ್ದೇನೆ, ಆದರೂ ಮೊದಲೇ ಹೇಳುವುದು ಒಳ್ಳೆಯದು.

ನಾವು ‘ಗ್ಯಾಸ್’ ಎನ್ನುವ ನೈಟ್ರಸ್ ಆಕ್ಸೈಡ್‌ಗೂ ದಂತವೈದ್ಯಕ್ಕೂ ಇರುವ ನಂಟು ಹಳೆಯದು. ಈ ಅನಿಲ ನೋವು ಕಳೆಯುವಂತೆ ತೋರುವುದರಿಂದ ಶಸ್ತ್ರಚಿಕಿತ್ಸೆಯಲ್ಲಿ ಬಳಸಬಹುದೇನೋ ಎಂದು ಇಂಗ್ಲೆಂಡಿನ ರಸಾಯನವಿಜ್ಞಾನಿ ಹಂಫ್ರಿ ಡೇವಿ 1800ರಲ್ಲಿಯೇ ಬರೆದಿದ್ದರೂ ನಾಲ್ಕು ದಶಕಗಳ ಕಾಲ ಅದು ಜಾತ್ರೆಯ ಮೋಜಿನ ವಸ್ತುವಾಗಿಯೇ ಉಳಿಯಿತು. 1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಂಥದ್ದೇ ಒಂದು ಪ್ರದರ್ಶನ ನೋಡಲು ಹೋಗಿದ್ದ ಹೊರೇಸ್ ವೆಲ್ಸ್ ಎಂಬ ದಂತವೈದ್ಯರು, ಗ್ಯಾಸ್ ಸೇವಿಸಿದವನೊಬ್ಬ ಕಾಲಿಗೆ ಪೆಟ್ಟು ಮಾಡಿಕೊಂಡರೂ ನೋವಿನ ಅರಿವಿಲ್ಲದೆ ಇದ್ದುದನ್ನು ಗಮನಿಸಿ, ಮರುದಿನವೇ ತಾವೇ ಗ್ಯಾಸ್ ಎಳೆದುಕೊಂಡು ಜಾನ್ ರಿಗ್ಸ್ ಎಂಬ ಸಹೋದ್ಯೋಗಿಯಿಂದ ತಮ್ಮ ಹಲ್ಲನ್ನೇ ಕೀಳಿಸಿಕೊಂಡರು. 1845ರ ಆರಂಭದಲ್ಲಿ ಬಾಸ್ಟನ್‌ನ ವೈದ್ಯರ ಮುಂದೆ ಅವರು ಕೊಟ್ಟ ಪ್ರದರ್ಶನದಲ್ಲಿ ರೋಗಿ ಕೂಗಿದ್ದರಿಂದ ಸಭೆ ಗೇಲಿ ಮಾಡಿತು. ಇಂದು ತಿಳಿದಿರುವಂತೆ, ಸಾಮಾನ್ಯ ವಾತಾವರಣದ ಒತ್ತಡದಲ್ಲಿ ಈ ಅನಿಲವೊಂದರಿಂದಲೇ ನಂಬಲರ್ಹವಾದ ಪೂರ್ಣ ಅರಿವಳಿಕೆ ತರಲು ಸಾಧ್ಯವಿಲ್ಲ. ಪಾಪ, ವೆಲ್ಸ್ ಅದರಿಂದ ಕೇಳಿದ್ದು ಅದು ಕೊಡಲಾರದ್ದನ್ನು. ಈಗ ನಾವು ಕೇಳುವುದು ಅದಕ್ಕಿಂತ ಕಡಿಮೆ, ಆದ್ದರಿಂದಲೇ ಅದು ಚೆನ್ನಾಗಿ ಒದಗುತ್ತದೆ.

ಕ್ಲಿನಿಕ್ಕಿನಲ್ಲಿ ಅದು ನಡೆಯುವುದು ಹೀಗೆ. ಬಿಳಿ ಹೆಗಲಿನ ಕಪ್ಪು ಸಿಲಿಂಡರಿನಲ್ಲಿ ಆಮ್ಲಜನಕ, ನೀಲಿ ಸಿಲಿಂಡರಿನಲ್ಲಿ ನೈಟ್ರಸ್ ಇರುತ್ತದೆ. ಬಾಯಿ ನನ್ನ ಕೆಲಸಕ್ಕೆ ಬೇಕಾದ್ದರಿಂದ ಮೂಗನ್ನಷ್ಟೇ ಮುಚ್ಚುವ ಮೆತ್ತನೆಯ ಮಾಸ್ಕ್ ಇಟ್ಟು, ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಬೆರಳಿಗೆ ಹಾಕಿ, ಮೊದಲು ಬರಿಯ ಆಮ್ಲಜನಕ ಕೊಟ್ಟು, ನಂತರ ಶೇಕಡ 10ರಂತೆ ನೈಟ್ರಸ್ ಏರಿಸುತ್ತಾ ಹೋಗುತ್ತೇವೆ. ಶೇಕಡ 30ರಿಂದ 50ರೊಳಗೆ ಹೆಚ್ಚಿನವರಿಗೆ ಸಾಕಾಗುತ್ತದೆ. ಆಮ್ಲಜನಕ ಶೇಕಡ 30ಕ್ಕಿಂತ ಇಳಿಯಲು ಯಂತ್ರವೇ ಬಿಡುವುದಿಲ್ಲ. ಮೊದಲಿಗೆ ಕಾಲ್ಬೆರಳು, ಕೈಬೆರಳುಗಳಲ್ಲಿ ಜುಮುಜುಮು ಎನ್ನುತ್ತದೆ, ಮೈ ಬೆಚ್ಚಗಾಗುತ್ತದೆ, ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದ ಬೆರಳುಗಳು ಒಂದೊಂದಾಗಿ ಸಡಿಲವಾಗುತ್ತವೆ. ನಾನು ಗ್ಯಾಸಿನ ಗುಂಡಿಯನ್ನು ತಿರುಗಿಸುವಾಗ ನೋಡುವುದು ಯಂತ್ರದ ಅಂಕಿಗಿಂತ ಹೆಚ್ಚಾಗಿ ಆ ಬೆರಳುಗಳನ್ನೇ. ಹೊಟ್ಟೆ ತೊಳಸಿದಂತಾಯಿತು, ತಲೆ ತಿರುಗಿತು ಎಂದರೆ ಪ್ರಮಾಣ ಹೆಚ್ಚಾಗಿದೆ ಎಂದೇ ಅರ್ಥ, ಕೂಡಲೇ ಇಳಿಸಬೇಕು. ಕೆಲಸ ಮುಗಿದ ಮೇಲೆ ಐದು ನಿಮಿಷವಾದರೂ ಬರಿಯ ಆಮ್ಲಜನಕ ಕೊಟ್ಟರೆ ಅನಿಲ ದೇಹದಿಂದ ಹೊರಬಿದ್ದು ಮಂಪರು ಇಳಿಯುತ್ತದೆ. ನೆಗಡಿಯಿಂದ ಮೂಗು ಕಟ್ಟಿದವರಿಗೆ, ಗರ್ಭದ ಮೊದಲ ಮೂರು ತಿಂಗಳಲ್ಲಿರುವವರಿಗೆ, ಇತ್ತೀಚೆಗೆ ಕಣ್ಣಿನ ರೆಟಿನಾದ ಶಸ್ತ್ರಚಿಕಿತ್ಸೆಯಲ್ಲಿ ಒಳಗೆ ಅನಿಲ ತುಂಬಿಸಿಕೊಂಡವರಿಗೆ, ಬಿ12 ಜೀವಸತ್ವದ ಕೊರತೆ ಇರುವವರಿಗೆ ಇದು ಸಲ್ಲದು. ಕೊನೆಯದನ್ನು ನಮ್ಮಲ್ಲಿ ಶುದ್ಧ ಸಸ್ಯಾಹಾರಿಗಳಿಗೆ ವಿಶೇಷವಾಗಿ ಕೇಳಬೇಕು, ಕೇಳುವವರು ಕಡಿಮೆ.

ಗ್ಯಾಸ್ ಸಾಲದವರಿಗೆ ಮಿಡಜೋಲಾಮ್ ಇದೆ. ಬಾಯಿಯ ಮೂಲಕವೋ ರಕ್ತನಾಳದ ಮೂಲಕವೋ ಕೊಡುವ ಈ ಔಷಧ ಭಯವನ್ನು ಇನ್ನೂ ಆಳವಾಗಿ ಇಳಿಸುತ್ತದೆ, ಆದರೆ ಉಸಿರಾಟವನ್ನೂ ನಿಧಾನಗೊಳಿಸಬಲ್ಲದು. ಆದ್ದರಿಂದ ತರಬೇತಿ ಪಡೆದ ಅರಿವಳಿಕೆ ತಜ್ಞರು, ಆಮ್ಲಜನಕ, ಮದ್ದಿನ ಪರಿಣಾಮವನ್ನು ತಿರುಗಿಸುವ ಫ್ಲೂಮಜೆನಿಲ್ ಇವೆಲ್ಲ ಕೈಗೆಟುಕುವಲ್ಲಿ ಇರಬೇಕು. ಮಾತ್ರೆ ನುಂಗಿ ಒಬ್ಬರೇ ಬೈಕಿನಲ್ಲಿ ಬಂದವರನ್ನು ನಾನು ವಾಪಸು ಕಳಿಸಿದ್ದೇನೆ. ಮನೆಯಲ್ಲಿ ಯಾರದೋ ನಿದ್ರೆಮಾತ್ರೆ ಉಳಿದಿದೆಯೆಂದು ಒಂದನ್ನು ನುಂಗಿ ಬರುವುದು ಇನ್ನೂ ಅಪಾಯ, ಅದರಲ್ಲೂ ಜೋರಾಗಿ ಗೊರಕೆ ಹೊಡೆಯುತ್ತಾ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ.

ಮಿಡಜೋಲಾಮ್‌ನ ಇನ್ನೊಂದು ಗುಣವೇ ನನ್ನ ಈ ಬರಹಕ್ಕೆ ಕಾರಣ. ಅದು ಮರೆವು ತರುತ್ತದೆ. ರೋಗಿ ಆ ಹೊತ್ತಿನಲ್ಲಿ ಉತ್ತರಿಸುತ್ತಾರೆ, ತಲೆಯಾಡಿಸುತ್ತಾರೆ, ಸಂಜೆಗೆ ಅದಾವುದೂ ನೆನಪಿರುವುದಿಲ್ಲ. ದವಡೆಹಲ್ಲು ಕೀಳುವಾಗ ಇದು ವರದಾನವೇ ಸರಿ. ಕೀಳಬೇಕೆಂದು ಮೊದಲೇ ನಿರ್ಧಾರವಾಗಿದೆ, ಕಿತ್ತದ್ದು ನೆನಪಿರದಿದ್ದರೆ ನಷ್ಟವೇನೂ ಇಲ್ಲ. ಅಂದದ ಚಿಕಿತ್ಸೆಯಲ್ಲಿ ಹಾಗಲ್ಲ. ಎಷ್ಟು ಬಿಳುಪು, ಎಷ್ಟು ಉದ್ದ, ಬಾಚಿಹಲ್ಲುಗಳ ನಡುವಿನ ಸಂದು ಉಳಿಯಬೇಕೇ ಮುಚ್ಚಬೇಕೇ ಎಂಬುದನ್ನು ರೋಗಿಯೇ ಕನ್ನಡಿ ಹಿಡಿದು ಹೇಳಬೇಕು, ಮಾತಾಡಿ ನೋಡಬೇಕು, ಕೆಳತುಟಿಗೆ ಹಲ್ಲಿನ ಅಂಚು ತಾಗುವ ಬಗೆಯನ್ನು ಅನುಭವಿಸಿ ನೋಡಬೇಕು. ಮಂಪರಿನಲ್ಲಿ ಕೊಟ್ಟ ಒಪ್ಪಿಗೆಯನ್ನು ನಾನು ಒಪ್ಪಿಗೆ ಎಂದು ಎಣಿಸುವುದಿಲ್ಲ. ‘ಮಲಗಿ ಏಳುವುದರೊಳಗೆ ಹೊಸ ನಗು’ ಎಂಬ ಧಾಟಿಯ ಜಾಹೀರಾತುಗಳನ್ನು ಕಂಡಾಗ ನನಗೆ ಸಿಟ್ಟು ಬರುವುದು ಇದಕ್ಕೇ. ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಕೂರಿಸಲು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟು ಎನಾಮಲ್ ಕೆರೆಯುತ್ತಾರೆ, ಕೆರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಒಮ್ಮೆ ಹಾಕಿಸಿದ ವೆನೀರ್ ಸವೆದಾಗಲೋ ಬಿರಿದಾಗಲೋ ಅದರ ಜಾಗದಲ್ಲಿ ಇನ್ನೊಂದು ಬೇಕು, ಹೀಗೆ ಜೀವನಪರ್ಯಂತ.

ಬಣ್ಣ ಆರಿಸುವ ಕ್ರಮವನ್ನೇ ನೋಡಿ. ಹದಿನಾರು ಛಾಯೆಗಳ ಶೇಡ್ ಗೈಡ್ ಒಂದನ್ನು ಹಲ್ಲಿನ ಪಕ್ಕ ಹಿಡಿದು ಹೋಲಿಸುತ್ತೇವೆ. ಇದನ್ನು ಮಾಡಬೇಕಾದದ್ದು ಚಿಕಿತ್ಸೆಗೆ ಮೊದಲು, ಹಲ್ಲು ಎಂಜಲಿನಿಂದ ಒದ್ದೆಯಾಗಿರುವಾಗ. ಬಾಯಿ ತೆರೆದೇ ಇದ್ದು ಹಲ್ಲು ಒಣಗಿದರೆ ಇದ್ದುದಕ್ಕಿಂತ ಬಿಳಿಯಾಗಿ ಕಾಣುತ್ತದೆ, ಆಗ ಆರಿಸಿದ ಛಾಯೆ ಮರುದಿನ ಎದ್ದು ಕಾಣುತ್ತದೆ. ತುಟಿಬಣ್ಣ ಒರೆಸಿ, ಕಿಟಕಿಯ ಬೆಳಕಿಗೆ ಮುಖ ಮಾಡಿಸಿ, ಕೆಲವೇ ಕ್ಷಣ ನೋಡಿ ಕಣ್ಣು ತೆಗೆಯಬೇಕು, ದಿಟ್ಟಿಸಿದಷ್ಟೂ ಕಣ್ಣು ದಣಿದು ಛಾಯೆಗಳ ವ್ಯತ್ಯಾಸ ತಪ್ಪುತ್ತದೆ. ಕೋರೆಹಲ್ಲು ಬಾಚಿಹಲ್ಲಿಗಿಂತ ತುಸು ಹಳದಿ ಇರುವುದೇ ಸಹಜ. ಎಲ್ಲ ಹಲ್ಲೂ ಒಂದೇ ಬಿಳುಪಾದರೆ ಬಾಯಿ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ ಎಂದು ನಾನು ಹೇಳಿದರೂ ಒಪ್ಪದವರಿದ್ದಾರೆ. ಹಲ್ಲು ಅವರದು, ನಿರ್ಧಾರವೂ ಅವರದೇ, ಆದರೆ ಎಚ್ಚರದಲ್ಲಿ ಮಾಡಿದ ನಿರ್ಧಾರವಾಗಿರಲಿ.

ಹೆದರುವವರಿಗೆ ಸಮಾಧಾನ ಕೊಡುವ ಸಂಗತಿಯೊಂದಿದೆ. ಅಂದದ ಚಿಕಿತ್ಸೆಗಳಲ್ಲಿ ಅನೇಕವಕ್ಕೆ ಸೂಜಿಯೂ ಬೇಡ, ಗ್ಯಾಸೂ ಬೇಡ. ಫ್ಲೋರೈಡಿನ ಕಂದು ಕಲೆ ಮೇಲ್ಪದರದಲ್ಲೇ ಇದ್ದರೆ, ತೆಳು ಆಮ್ಲವೂ ನುಣ್ಣನೆಯ ಪುಡಿಯೂ ಸೇರಿದ ಲೇಪದಿಂದ ಉಜ್ಜಿ, ವಸಡಿಗೆ ತಾಗದಂತೆ ರಬ್ಬರ್ ಹಾಳೆ ಕಟ್ಟಿ ತೆಗೆಯುವ ಮೈಕ್ರೋಅಬ್ರೇಶನ್ ಸಾಕಾಗಬಹುದು. ಹಲ್ಲಿನ ಅಚ್ಚಿಗೆ ತಕ್ಕಂತೆ ಮಾಡಿದ ಟ್ರೇಯಲ್ಲಿ ಶೇಕಡ 10ರ ಕಾರ್ಬಮೈಡ್ ಪೆರಾಕ್ಸೈಡ್ ಎಂಬ ಬಿಳುಪಿನ ಮದ್ದು ಹಾಕಿ, ಅದನ್ನು ತೊಟ್ಟು ರಾತ್ರಿ ಮಲಗುವ ಬ್ಲೀಚಿಂಗ್ ವಿಧಾನ 1989ರಿಂದ ಬಳಕೆಯಲ್ಲಿದೆ. ಹಲ್ಲು ಕೆಲದಿನ ಜುಮ್ಮೆನ್ನಬಹುದು, ಅಷ್ಟೇ. ಫ್ಲೋರೈಡಿನ ಬಿಳಿ ಮಚ್ಚೆಗಳು ಮೊದಮೊದಲು ಇನ್ನೂ ಎದ್ದು ಕಾಣಬಹುದೆಂದು ಮೊದಲೇ ತಿಳಿಸದಿದ್ದರೆ ರೋಗಿ ಗಾಬರಿಯಾಗುತ್ತಾರೆ. ಮುರಿದ ಅಂಚನ್ನು ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ರಾಳದಿಂದ ತುಂಬಿಸುವುದಕ್ಕೂ ಹೆಚ್ಚಾಗಿ ಹಲ್ಲು ಕೆರೆಯಬೇಕಿಲ್ಲ. ಆದ್ದರಿಂದ ಹೆದರುವವರೊಂದಿಗೆ ನಾನು ಇವುಗಳಿಂದಲೇ ಆರಂಭಿಸುತ್ತೇನೆ. ಕುರ್ಚಿಯಲ್ಲಿ ಕುಳಿತು ನೋವಿಲ್ಲದೆ ಎದ್ದುಹೋದ ಅನುಭವ ಒಂದೆರಡು ಬಾರಿಯಾದರೆ, ಮುಂದೆ ಎಂದಾದರೂ ರೂಟ್ ಕೆನಾಲ್ ಬೇಕಾದರೆ ಅದಕ್ಕೂ ಮನಸ್ಸು ಒಪ್ಪುತ್ತದೆ. ಹುಳುಕು, ವಸಡಿನ ಊತ ಇದ್ದರೆ ಮಾತ್ರ ಮೊದಲು ಅವು, ಆಮೇಲೆ ಅಂದ. ಕೀವಿನ ಮೇಲೆ ಪಿಂಗಾಣಿ ಕೂರಿಸುವುದು ವೈದ್ಯವಲ್ಲ.

ಭಯವನ್ನು ಅಳೆಯಲು ಐದು ಪ್ರಶ್ನೆಗಳ ಒಂದು ಪಟ್ಟಿ ಇದೆ: ನಾಳೆ ದಂತವೈದ್ಯರಲ್ಲಿಗೆ ಹೋಗಬೇಕೆಂದರೆ, ಹೊರಗೆ ಕಾಯುವಾಗ, ಡ್ರಿಲ್ ಮಾಡುವಾಗ, ಕ್ಲೀನಿಂಗ್ ಮಾಡುವಾಗ, ವಸಡಿಗೆ ಸೂಜಿ ಚುಚ್ಚುವಾಗ ಎಷ್ಟು ಕಳವಳ ಎಂದು ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಒಟ್ಟು 19 ಅಥವಾ ಹೆಚ್ಚು ಬಂದರೆ ಅದು ತೀವ್ರ ಭಯ. ಅಂಕ ಹೇಗೂ ಇರಲಿ, ಹೆದರಿಕೆ ಯಾವುದರದು ಎಂಬುದು ಅದರಿಂದ ತಿಳಿಯುತ್ತದೆ. ಮದುವೆ ನಿಶ್ಚಯವಾಗಿದ್ದ ಒಬ್ಬ ಯುವತಿ ಸೂಜಿಗೆ ಐದು ಕೊಟ್ಟು ಉಳಿದೆಲ್ಲಕ್ಕೂ ಎರಡು ಕೊಟ್ಟಿದ್ದಳು, ಜೊತೆಗೆ ಬಂದಿದ್ದ ತಾಯಿ, “ಮೇಲಿನ ಹಲ್ಲಿಗೆ ಸೂಜಿ ಹಾಕಿದರೆ ಕಣ್ಣಿಗೆ ಏನೂ ಆಗುವುದಿಲ್ಲವೇ ಡಾಕ್ಟ್ರಮ್ಮ?” ಎಂದು ಕೇಳಿದಾಗ ಆ ಐದರ ಮೂಲ ತಿಳಿಯಿತು. ಹಲ್ಲಿನ ನರವೂ ನೋಟದ ನರವೂ ಬೇರೆ ಬೇರೆ ಎಂದು ಕಾಗದದ ಮೇಲೆ ಗೀಚಿ ತೋರಿಸಿದೆ. ವಸಡಿಗೆ ಮರಗಟ್ಟುವ ಜೆಲ್ ಹಚ್ಚಿ ಕಾದು, ಮದ್ದನ್ನು ಬಹಳ ನಿಧಾನವಾಗಿ ಬಿಟ್ಟು, ಬೇಡವೆನಿಸಿದರೆ ಎಡಗೈ ಎತ್ತು, ಕೂಡಲೇ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟಿದ್ದಷ್ಟೇ ಸಾಕಾಯಿತು. ಅವಳು ಒಮ್ಮೆ ಕೈ ಎತ್ತಿದಳು, ನಾನು ನಿಲ್ಲಿಸುತ್ತೇನೋ ಇಲ್ಲವೋ ಎಂದು ಪರೀಕ್ಷಿಸಲು. ಗ್ಯಾಸಿನ ಸಿಲಿಂಡರನ್ನು ತೆರೆಯಲೇ ಇಲ್ಲ.

ಮದುವೆಯ ಮಾತು ಬಂದದ್ದರಿಂದ ಒಂದು ಕೋರಿಕೆ. ಲಗ್ನಪತ್ರಿಕೆ ಹಂಚುವ ಹೊತ್ತಿಗೆ ಹಲ್ಲಿನ ನೆನಪಾಗಿ ಓಡಿ ಬರಬೇಡಿ. ಬ್ಲೀಚಿಂಗ್ ಆದ ಮೇಲೆ ಬಣ್ಣ ನೆಲೆಗೊಳ್ಳಲು ಮತ್ತು ಮುಂದೆ ಹಾಕುವ ಕಾಂಪೋಸಿಟ್ ಗಟ್ಟಿಯಾಗಿ ಅಂಟುವಂತಾಗಲು ಸುಮಾರು ಎರಡು ವಾರ ಬಿಡಬೇಕು, ಅದಕ್ಕೆ ಮೊದಲು ಕ್ಲೀನಿಂಗ್, ಹುಳುಕಿದ್ದರೆ ಅದರ ಚಿಕಿತ್ಸೆ; ಎಲ್ಲ ಸೇರಿ ಎರಡು ತಿಂಗಳಾದರೂ ಕೈಯಲ್ಲಿರಲಿ. ಸೆಡೇಶನ್ ಬೇಕಾಗಬಹುದಾದವರು ಉಗುರಿಗೆ ಗಾಢ ಬಣ್ಣವನ್ನೋ ಬೆರಳ ತುದಿಗೆ ಕಪ್ಪು ಮೆಹಂದಿಯನ್ನೋ ಹಚ್ಚಿಕೊಂಡು ಬಂದರೆ ಪಲ್ಸ್ ಆಕ್ಸಿಮೀಟರ್ ಆಮ್ಲಜನಕದ ಮಟ್ಟವನ್ನು ಸರಿಯಾಗಿ ಓದದೆ ಹೋಗಬಹುದು, ಆಗ ಮಾಸ್ಕ್ ಇಡಲು ನಾನು ಒಪ್ಪುವುದಿಲ್ಲ. ಮೆಹಂದಿ ಶಾಸ್ತ್ರ ಮುಂದೆ ಹಾಕಿ ಎನ್ನಲು ನನಗೆ ಧೈರ್ಯವಿಲ್ಲವಾದ್ದರಿಂದ, ಹಲ್ಲಿನ ಕೆಲಸವನ್ನು ಅದಕ್ಕೆ ಮೊದಲೇ ಮುಗಿಸಿಕೊಳ್ಳಿ.