ಅಪ್ಪ ನೋಡಿದ ಶಿಕಾಗೊ

ಶಿಕಾಗೊದ ಕಲಾ ಮ್ಯೂಸಿಯಂ ಆದ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಮಂಗಳವಾರ ಮತ್ತು ಬುಧವಾರ ರಜೆ ಎಂಬುದು ನನಗೆ ಗೊತ್ತಾದದ್ದು ಅದರ ಮುಂಬಾಗಿಲ ಮೆಟ್ಟಿಲ ಬಳಿ ನಿಂತಾಗ. ಅಂದು ಬುಧವಾರ. ಪಕ್ಕದಲ್ಲಿ ಅಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಆರು ವರ್ಷ ಕರೆದರೂ "ಅಲ್ಲಿ ನನಗೇನು ಕೆಲಸ" ಎನ್ನುತ್ತಿದ್ದವರು ಕೊನೆಗೆ ಹೊರಡಲು ಒಪ್ಪಿದಾಗ ಕೇಳಿದ್ದು ಒಂದೇ ಮಾತು: ವಿವೇಕಾನಂದರು ಮಾತನಾಡಿದ ಜಾಗವನ್ನು ತೋರಿಸಬೇಕು. ಆ ಜಾಗದ ಬಾಗಿಲು ಈಗ ಮುಚ್ಚಿತ್ತು.

ತಪ್ಪು ಪೂರ್ತಿ ನನ್ನದೇ. ಶಿಕಾಗೊ ಹೊರವಲಯದ ನೇಪರ್‌ವಿಲ್‌ನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಊರಿನಿಂದ ಬಂದ ನೆಂಟರಿಗೆಲ್ಲ ನಗರ ತೋರಿಸಿ ತೋರಿಸಿ ನನ್ನ ಬಳಿ ಒಂದು ಪಟ್ಟಿಯೇ ತಯಾರಾಗಿದೆ, ಗಂಟೆ ನಿಮಿಷಗಳ ಸಮೇತ. 10.45ಕ್ಕೆ ಸಿಂಹಗಳ ಮುಂದೆ ಫೋಟೊ, 11ಕ್ಕೆ ಒಳಗೆ. ಎಲ್ಲವನ್ನೂ ಬರೆದವಳು ವಾರವನ್ನು ನೋಡಿರಲಿಲ್ಲ.

ಅಪ್ಪ ಬೇಸರ ಮಾಡಿಕೊಳ್ಳಲಿಲ್ಲ. "ಇರಲಿ ಬಿಡು. ರಜಾ ದಿನ ಸೈಟಿಗೆ ಹೋದರೇ ಕೆಲಸ ಚೆನ್ನಾಗಿ ಕಾಣುವುದು" ಎಂದರು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ, ಭದ್ರಾ ನಾಲೆಯ ಏರಿಯ ಮೇಲೆ ಜೀಪಿನಲ್ಲೂ ಕಾಲ್ನಡಿಗೆಯಲ್ಲೂ ಓಡಾಡಿ ಮೂವತ್ತು ವರ್ಷ ಸವೆಸಿದವರು ಅವರು. ಮುಚ್ಚಿದ ಬಾಗಿಲುಗಳು, ಸಿಗದ ಸಾಹೇಬರು ಅವರಿಗೆ ಹೊಸದಲ್ಲ.

ಬಾಗಿಲ ಎರಡೂ ಬದಿಗೆ ಹಸಿರುಗಟ್ಟಿದ ಎರಡು ಕಂಚಿನ ಸಿಂಹಗಳಿವೆ. ಅಪ್ಪ ಒಂದರ ಪೀಠವನ್ನು ಸುತ್ತಿ ಬಂದು ಇವು ಯಾವ ಕಾಲದವು ಎಂದು ಕೇಳಿದರು. 1894ರ ಮೇ ತಿಂಗಳು ಎಂದೆ. ಅವರ ಮುಖದಲ್ಲಿ ಲೆಕ್ಕ ಶುರುವಾಯಿತು. "ಭಾಷಣ 1893ರ ಸೆಪ್ಟೆಂಬರ್ 11. ಅವತ್ತು ಇವು ಇರಲಿಲ್ಲ. ಆದರೆ 1894ರ ಜೂನ್ 23ರಂದು ಸ್ವಾಮೀಜಿ ನಮ್ಮ ಮೈಸೂರು ಮಹಾರಾಜರಿಗೆ ಪತ್ರ ಬರೆದದ್ದು ಚಿಕಾಗೊದಿಂದಲೇ. ಅಂದರೆ ಆಗ ನೋಡಿರಲೂಬಹುದು." ಸಿಂಹಗಳಿಗೆ ಒಂದು ಅರ್ಹತೆ ಸಿಕ್ಕಂತಾಯಿತು. ಅಪ್ಪನಿಗೆ ಇದು ಕೊನೆಯವರೆಗೂ ಚಿಕಾಗೊವೇ, ಶಾಲೆಯ ಪಾಠದಲ್ಲಿದ್ದ ಹಾಗೆ. ಶಿಕಾಗೊ ಎನ್ನುವ ನಾನು ಅವರ ಕಿವಿಗೆ ತಪ್ಪು ಉಚ್ಚಾರಣೆಯವಳು.

1892ರಲ್ಲಿ ಮೈಸೂರಿಗೆ ಬಂದಿದ್ದ ಅಪರಿಚಿತ ಸನ್ಯಾಸಿಯನ್ನು ಚಾಮರಾಜ ಒಡೆಯರು ಅತಿಥಿಯಾಗಿ ಇರಿಸಿಕೊಂಡು, ಪ್ರಯಾಣಕ್ಕೆ ನೆರವಾಗುವೆನೆಂದು ಹೇಳಿದ್ದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ನನ್ನ ತಲೆಯ ಮೇಲೆಯೇ ಇತ್ತು. ಮಿಷಿಗನ್ ಅವೆನ್ಯೂದ ಕಂಬವೊಂದನ್ನು ಅಪ್ಪ ಬೆರಳು ಮಾಡಿ ತೋರಿಸಿದರು. ಹಸಿರು ಬೀದಿಫಲಕದ ಜೊತೆಗೆ ಒಂದು ಕಂದು ಫಲಕ: ಸ್ವಾಮಿ ವಿವೇಕಾನಂದ ವೇ. ಈ ನಗರ ತಾನು ಗೌರವಿಸುವವರ ಹೆಸರನ್ನು ಬೀದಿಯ ಒಂದೊಂದು ತುಂಡಿಗೆ ಹೀಗೆ ಕಂದು ಬಣ್ಣದಲ್ಲಿ ಕಟ್ಟುತ್ತದೆ. ಅಂಚೆಯ ವಿಳಾಸ ಬದಲಾಗುವುದಿಲ್ಲ, ಮಾನ ಮಾತ್ರ ಸಲ್ಲುತ್ತದೆ. ಅದರ ಕೆಳಗೆ ಎಷ್ಟು ಬಾರಿ ಸಿಗ್ನಲ್‌ಗಾಗಿ ಕಾದಿದ್ದೇನೋ ಲೆಕ್ಕವಿಲ್ಲ.

"ಅಸಲಿಗೆ ಒಳಗೆ ಹೋಗಿದ್ದರೂ ಆ ಸಭಾಂಗಣ ಸಿಗುತ್ತಿರಲಿಲ್ಲ" ಎಂದು ನಾನು ನನ್ನ ತಪ್ಪನ್ನು ಸ್ವಲ್ಪ ಹಗುರ ಮಾಡಿಕೊಳ್ಳಲು ನೋಡಿದೆ. ಅದು ನಿಜವೂ ಹೌದು. ಅವರು ಮಾತನಾಡಿದ ಕೊಲಂಬಸ್ ಹಾಲ್ ಸಮ್ಮೇಳನಕ್ಕೆಂದೇ ಎಬ್ಬಿಸಿದ ತಾತ್ಕಾಲಿಕ ಸಭಾಂಗಣ, ಈಗಿಲ್ಲ. ಅಪ್ಪ ಕನ್ನಡಕವನ್ನು ಒರೆಸಿಕೊಂಡು, "ಶೆಡ್ ಹೋದರೂ ನೆಲ ಇರುತ್ತದಲ್ಲ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಲ್ಲಿಂದ ಮಿಲೇನಿಯಂ ಪಾರ್ಕ್ ಕೂಗಳತೆಯ ದೂರ. ಅನೀಶ್ ಕಪೂರ್ ಮಾಡಿದ ಉಕ್ಕಿನ ಶಿಲ್ಪದ ಹೆಸರು ಕ್ಲೌಡ್ ಗೇಟ್. ಊರಿನವರೆಲ್ಲ ಬೀನ್ ಎನ್ನುತ್ತಾರೆ. ಅಪ್ಪ ನೋಡಿದ ತಕ್ಷಣ "ಇದು ಹಲಸಿನ ಬೀಜ" ಎಂದರು. ಅಂದಿನಿಂದ ನನ್ನ ಕಣ್ಣಿಗೂ ಅದು ಹಲಸಿನ ಬೀಜವೇ, ಮೂವತ್ಮೂರು ಅಡಿ ಎತ್ತರದ್ದು. ಸುತ್ತಲಿನ ಜನ ಅದರೊಳಗೆ ತಮ್ಮ ತಮ್ಮ ಮುಖಗಳನ್ನು ಹುಡುಕುತ್ತಿದ್ದರೆ ಅಪ್ಪ ಬೆಸುಗೆಯನ್ನು ಹುಡುಕುತ್ತಿದ್ದರು. 168 ಉಕ್ಕಿನ ತಗಡುಗಳನ್ನು ಬೆಸೆದು, ಗೆರೆ ಕಾಣದ ಹಾಗೆ ಉಜ್ಜಿದ್ದಾರೆ. 2004ರಲ್ಲಿ ಪಾರ್ಕ್ ಉದ್ಘಾಟನೆಯಾದರೂ ಈ ಕೆಲಸ ಮುಗಿದದ್ದು 2006ರಲ್ಲಿ. ಅಂಗೈಯಿಂದ ಮೂರು ಕಡೆ ಸವರಿ ನೋಡಿ, "ಎರಡು ವರ್ಷ ತಡವಾದರೂ ಪರವಾಗಿಲ್ಲ, ಬಿಲ್ ಪಾಸು ಮಾಡಬಹುದು" ಎಂದರು. ನನ್ನ ಪಟ್ಟಿಯಲ್ಲಿ ಇದಕ್ಕೆ ಕೊಟ್ಟಿದ್ದು ಇಪ್ಪತ್ತು ನಿಮಿಷ. ಇವರು ಮುಕ್ಕಾಲು ಗಂಟೆ ತೆಗೆದುಕೊಂಡರು.

ಮಧ್ಯಾಹ್ನದ ಊಟಕ್ಕೆ ಡೀಪ್ ಡಿಶ್ ಪಿಜ್ಜಾ. ಬೇಯಲು ನಲವತ್ತು ನಿಮಿಷ ಹಿಡಿಯುವ, ಕಡುಬಿನ ತಟ್ಟೆಯಷ್ಟು ಆಳದ ಪದಾರ್ಥ. "ಸ್ಲ್ಯಾಬ್ ಚೆನ್ನಾಗಿ ಕ್ಯೂರಿಂಗ್ ಆಗಿದೆ" ಎಂದು ಒಂದು ತುಂಡು ತಿಂದು ಮುಗಿಸಿ, ಚೀಲದಿಂದ ಚಪಾತಿ ಪಲ್ಯದ ಡಬ್ಬಿ ತೆಗೆದರು.

ದೋಣಿಯಲ್ಲಿ ಕುಳಿತ ಮೇಲೆ ಅಪ್ಪ ಬೇರೆಯೇ ಮನುಷ್ಯರಾದರು. ಶಿಕಾಗೊ ನದಿಯ ಮೇಲೆ ಒಂದೂವರೆ ಗಂಟೆ ತಿರುಗಾಡಿಸುತ್ತಾ ಕಟ್ಟಡಗಳ ಕಥೆ ಹೇಳುವ ವಿಹಾರ ಅದು. ನೆಂಟರೊಡನೆ ನಾನು ಐದಾರು ಬಾರಿ ಹೋಗಿದ್ದೇನೆ. ಎಲ್ಲರ ಕತ್ತೂ ಮೇಲಕ್ಕೆ ಇರುತ್ತದೆ. ಮುಸುಕಿನ ಜೋಳದ ತೆನೆಗಳಂತಿರುವ ಮರೀನಾ ಸಿಟಿಯ ಜೋಡಿ ಗೋಪುರಗಳು ಬಂದಾಗ, ಕೆಳಗಿನ ಹತ್ತೊಂಬತ್ತು ಮಹಡಿಗಳಲ್ಲಿ ಅಂಚಿಗೆ ನಿಲ್ಲಿಸಿದ ಕಾರುಗಳನ್ನು ತೋರಿಸಿ ಎಲ್ಲರೂ ಉದ್ಗರಿಸುತ್ತಾರೆ. ಅಪ್ಪನೂ ಒಮ್ಮೆ ಕತ್ತೆತ್ತಿ ನೋಡಿದರು. ಆಮೇಲೆ ಅವರ ದೃಷ್ಟಿ ನೀರಿನ ಮೇಲೆಯೇ ನಿಂತಿತು. "ಇದು ಯಾವ ಕಡೆಗೆ ಹರಿಯುತ್ತಿದೆ? ಕೆರೆ ಹಿಂದಿದೆ, ನೀರು ಮುಂದೆ ಹೋಗುತ್ತಿದೆಯಲ್ಲ?"

ಕೆರೆ ಎಂದದ್ದು ಮಿಷಿಗನ್ ಸರೋವರವನ್ನು. ನದಿ ಒಂದು ಕಾಲಕ್ಕೆ ಅದಕ್ಕೇ ಹೋಗಿ ಸೇರುತ್ತಿತ್ತು. ಊರಿನ ಕೊಳಕೆಲ್ಲ ನದಿಗೆ, ನದಿ ಸರೋವರಕ್ಕೆ, ಊರಿಗೆ ಕುಡಿಯುವ ನೀರು ಸರೋವರದಿಂದ. ಕಾಯಿಲೆಗಳಿಗೆ ಹೆದರಿದ ಊರು 28 ಮೈಲಿ ಉದ್ದದ ಕಾಲುವೆ ತೋಡಿ, 1900ರಲ್ಲಿ ನದಿಯನ್ನೇ ಹಿಂದಕ್ಕೆ ತಿರುಗಿಸಿತು. ಈಗ ಅದು ಸರೋವರಕ್ಕೆ ಬೆನ್ನು ಹಾಕಿ, ಇಲಿನಾಯ್ ನದಿಯ ಮೂಲಕ ಮಿಸಿಸಿಪ್ಪಿ ಸೇರುತ್ತದೆ. ದೋಣಿಯ ಮಾರ್ಗದರ್ಶಕಿ ಇದನ್ನು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ಅಪ್ಪ ತಟ್ಟಲಿಲ್ಲ. "ತಿರುಗಿಸುವುದೇನು ಮಹಾ? ಲೆವೆಲ್ ಸಿಕ್ಕರೆ ಯಾವ ನೀರೂ ಹೋಗುತ್ತದೆ. ಕೆಳಗಿನವರು ಸುಮ್ಮನಿದ್ದರೇ, ಅದನ್ನು ಕೇಳು."

ಕೇಳಲು ನನಗೆ ಸಂಕೋಚ. ಮೊಬೈಲ್‌ನಲ್ಲಿ ಹುಡುಕಿದೆ. ಸುಮ್ಮನಿರಲಿಲ್ಲ. ಕೆಳಗಿನ ಸೇಂಟ್ ಲೂಯಿಸ್ ನಗರದವರು ತಮ್ಮ ಕುಡಿಯುವ ನೀರಿಗೆ ನಿಮ್ಮ ಕೊಳಕು ಬರುತ್ತದೆಂದು ತಕರಾರು ತೆಗೆದಿದ್ದರು. ಅವರು ತಡೆಯಾಜ್ಞೆ ತರುವ ಮೊದಲೇ, 1900ರ ಜನವರಿ 2ರಂದು, ಸದ್ದುಗದ್ದಲವಿಲ್ಲದೆ ಕಾಲುವೆಗೆ ನೀರು ಬಿಟ್ಟುಬಿಟ್ಟರಂತೆ. ಮಿಸೌರಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು, 1906ರಲ್ಲಿ ಸೋತಿತು. ಆಮೇಲೆ ಸರೋವರದ ಸುತ್ತಲಿನ ರಾಜ್ಯಗಳು ನಮ್ಮ ನೀರು ಖಾಲಿ ಮಾಡುತ್ತಿದ್ದೀರಿ ಎಂದು ಕೋರ್ಟು ಹತ್ತಿದವು. ಕೊನೆಗೆ 1967ರ ಆದೇಶದಲ್ಲಿ ಸರೋವರದಿಂದ ಇಲಿನಾಯ್ ತೆಗೆದುಕೊಳ್ಳಬಹುದಾದ ನೀರಿಗೆ ಮಿತಿ ಹಾಕಲಾಯಿತು: 3,200 ಕ್ಯೂಸೆಕ್.

ಕ್ಯೂಸೆಕ್ ಎಂಬ ಶಬ್ದ ಕೇಳಿದ್ದೇ ಅಪ್ಪ ನೆಟ್ಟಗೆ ಕುಳಿತರು. ಹತ್ತು ದಿನಗಳಿಂದ ಅಮೆರಿಕ ಅವರಿಗೆ ಹೊಂದಿಕೊಂಡಿರಲಿಲ್ಲ. ಈಗ ಪರಿಚಿತ ಊರಾಯಿತು. ಮಲೆಬೆನ್ನೂರಿನಲ್ಲಿ ನಾಲೆಯ ಕೊನೆಯ ಭಾಗದ ರೈತರು ಬೆಳಗಿನ ಜಾವ ನಮ್ಮ ಕ್ವಾರ್ಟರ್ಸ್ ಮುಂದೆ ಬಂದು ಕೂರುತ್ತಿದ್ದರು. ನೀರು ತಲುಪಿಲ್ಲ, ಮೇಲಿನವರು ತೂಬು ಎತ್ತಿದ್ದಾರೆ ಎಂಬುದೇ ಅವರ ದೂರು. ಅಮ್ಮ ಲೋಟಗಟ್ಟಲೆ ಕಾಫಿ ಮಾಡುತ್ತಿದ್ದುದು ನನಗೆ ನೆನಪಿದೆ. "ಮೇಲಿನವನಿಗೆ ಬುದ್ಧಿ, ಕೆಳಗಿನವನಿಗೆ ಕೋರ್ಟು. ಎಲ್ಲ ಕಡೆ ಅಷ್ಟೆ" ಎಂದು ಅಪ್ಪ ಆ ಕಾಲುವೆಯ ಇಳಿಜಾರು ಎಷ್ಟಿರಬಹುದೆಂಬ ಲೆಕ್ಕಕ್ಕೆ ಇಳಿದರು. ದಡದಲ್ಲಿ ಟ್ರಿಬ್ಯೂನ್ ಟವರ್ ಹಾದುಹೋಯಿತು. ಅದರ ಗೋಡೆಯಲ್ಲಿ ತಾಜ್ ಮಹಲಿನ ಒಂದು ತುಣುಕು ಹುದುಗಿದೆ ಎಂದು ಹೇಳಿದೆ. ಅವರಿಗೆ ಕೇಳಿಸಲಿಲ್ಲ.

ಸಂಜೆಗೆ ಉಳಿದದ್ದು ವಿಲ್ಲಿಸ್ ಟವರ್. ಅಪ್ಪನ ತಲೆಮಾರಿಗೆ ಅದು ಸಿಯರ್ಸ್ ಟವರ್. ಅವರು ದಾವಣಗೆರೆಯಲ್ಲಿ ಬಿ.ಇ. ಓದುತ್ತಿದ್ದಾಗ ಈ 110 ಅಂತಸ್ತಿನ ಕಟ್ಟಡ ಮೇಲೇಳುತ್ತಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನಲ್ಲಿ ಇದನ್ನು ಮೀರಿದ ಕಟ್ಟಡ ಇರಲಿಲ್ಲ. ಇದನ್ನು ನಿಲ್ಲಿಸಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಹುಟ್ಟಿದ್ದು 1929ರಲ್ಲಿ, ಢಾಕಾದಲ್ಲಿ. "ನಮ್ಮ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಒಂಬತ್ತು ಚೌಕ ಬರೆದು ಎಫ್. ಆರ್. ಖಾನ್ ಎಂದು ಕೆಳಗೆ ಗೆರೆ ಎಳೆದಿದ್ದರು" ಎಂದು ಅಪ್ಪ ರಸ್ತೆಯ ಈಚೆಯೇ ನಿಂತು ಹೇಳಿದರು. ಒಂಬತ್ತು ಚೌಕ ಕೊಳವೆಗಳು ಒಟ್ಟಿಗೆ ಏಳುತ್ತವೆ. ಎರಡು ಐವತ್ತನೆಯ ಮಹಡಿಗೆ ನಿಲ್ಲುತ್ತವೆ, ಎರಡು ಅರವತ್ತಾರಕ್ಕೆ, ಮೂರು ತೊಂಬತ್ತಕ್ಕೆ, ಉಳಿದೆರಡು ತುದಿಯವರೆಗೆ. "ಒಂದು ಕಡ್ಡಿ ಗಾಳಿಗೆ ಬಾಗುತ್ತದೆ. ಕಡ್ಡಿಪೊರಕೆ ಕಟ್ಟಿದರೆ ಬಾಗುವುದಿಲ್ಲ. ಇಷ್ಟೇ ಉಪಾಯ, ಆದರೆ ಮೊದಲು ಹೊಳೆಯಬೇಕಲ್ಲ."

103ನೆಯ ಮಹಡಿಯಲ್ಲಿ ಗೋಡೆಯಿಂದ ನಾಲ್ಕು ಅಡಿ ಹೊರಚಾಚಿದ ಗಾಜಿನ ಗೂಡುಗಳಿವೆ, ನೆಲವೂ ಗಾಜು. ಕೆಳಗೆ 1,353 ಅಡಿ ಬರೀ ಗಾಳಿ. ನೆಂಟರನ್ನೆಲ್ಲ ಅದರೊಳಗೆ ನಿಲ್ಲಿಸಿ ಫೋಟೊ ತೆಗೆದವಳು ನಾನು. ಒಮ್ಮೆಯೂ ಅದರ ಮೇಲೆ ಕಾಲಿಟ್ಟಿಲ್ಲ. ಫೋಟೊ ತೆಗೆಯುವವಳು ಬೇಕಲ್ಲ ಎಂಬುದು ನನ್ನ ಹಳೆಯ ನೆಪ. ಅಪ್ಪ ಹೋಗಿ ನಿಂತರು. ಕೆಳಗೆ ನೋಡಲೇ ಇಲ್ಲ, ಗಾಜನ್ನು ಹಿಡಿದಿರುವ ಉಕ್ಕು ಎಲ್ಲಿಂದ ಬಂದಿದೆ ಎಂದು ಮೇಲೆ ನೋಡುತ್ತಿದ್ದರು. ತೃಪ್ತಿಯಾದ ಮೇಲೆ ಕೈ ಚಾಚಿದರು. "ಬಾ ಪುಟ್ಟಿ, ಲೋಡ್ ಲೆಕ್ಕ ಹಾಕಿಯೇ ಇರುತ್ತಾರೆ." ಬಲಗಾಲು ಇಟ್ಟೆ. ಎಡಗಾಲು ಕಾರ್ಪೆಟ್ ಬಿಡಲಿಲ್ಲ. ಆ ಭಂಗಿಯಲ್ಲೇ ಒಬ್ಬ ಅಪರಿಚಿತ ಹುಡುಗಿ ನಮ್ಮ ಫೋಟೊ ತೆಗೆದುಕೊಟ್ಟಳು.

ಇಳಿದು ಬಂದಾಗ ಜಾಕ್ಸನ್ ಮತ್ತು ಫ್ರಾಂಕ್ಲಿನ್ ಬೀದಿಗಳು ಕೂಡುವಲ್ಲಿ ಅಪ್ಪ ಮತ್ತೆ ಕಂಬಗಳನ್ನು ನೋಡತೊಡಗಿದರು. ಅಲ್ಲಿತ್ತು, ಕಂದು ಫಲಕ: ಫಜ್ಲುರ್ ಆರ್. ಖಾನ್ ವೇ. ಆಮೇಲೆ ಇದೊಂದು ಹುಚ್ಚಾಯಿತು. ಶನಿವಾರ ಬೇಳೆ ತೊಗರಿ ತರಲು ಡೆವಾನ್ ಅವೆನ್ಯೂಗೆ ಹೋದಾಗ, ಸೀರೆ ಅಂಗಡಿಗಳನ್ನು ಬಿಟ್ಟು ಕಂಬ ಕಂಬವನ್ನೂ ಓದುತ್ತಾ ನಡೆದರು. ಒಂದೇ ರಸ್ತೆಯಲ್ಲಿ ಗಾಂಧಿ ಮಾರ್ಗ, ಮುಂದೆ ಹೋದರೆ ಮೊಹಮ್ಮದ್ ಅಲಿ ಜಿನ್ನಾ ವೇ. ನಡುವೆ ಗಡಿ ಎಲ್ಲಿದೆ ಎಂದು ಹುಡುಕಿದರು. ಒಂದು ಪಾನ್ ಅಂಗಡಿ ಕಾಣಿಸಿತು, ಅಲ್ಲೇ ನಿಂತು ಎಲೆ ಅಡಿಕೆ ಹಾಕಿಕೊಂಡರು.

ಮುಂದಿನ ಗುರುವಾರ ನನಗೆ ಕಚೇರಿ. ಅಪ್ಪ ಒಬ್ಬರೇ ರೈಲು ಹತ್ತಿ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಬಂದರು. ನಾನು ಹದಿನೈದು ಬಾರಿ ಫೋನ್ ಮಾಡಿ ಮೂರು ಬಾರಿ ಉತ್ತರ ಪಡೆದೆ. ಜಿತೀಶ್ ಕಲ್ಲಟ್ ಎಂಬ ಮುಂಬೈಯ ಕಲಾವಿದರು 2010ರಲ್ಲಿ ಅಲ್ಲಿನ ದೊಡ್ಡ ಮೆಟ್ಟಿಲುಗಳ ಮೇಲೆ ಸ್ವಾಮೀಜಿಯ ಭಾಷಣವನ್ನು ದೀಪದ ಅಕ್ಷರಗಳಲ್ಲಿ ಬೆಳಗಿಸಿದ್ದರು ಎಂದು ಹೇಳಿಯೇ ಕಳುಹಿಸಿದ್ದೆ. ರಾತ್ರಿ ಅನ್ನಕ್ಕೆ ಸಾರು ಬಡಿಸುತ್ತಾ ಹೇಗಿತ್ತು ಅಪ್ಪ ಎಂದು ಕೇಳಿದೆ.

ಕಲಸುವುದನ್ನು ನಿಲ್ಲಿಸಿ, ಕೈಯನ್ನು ಗೇಣು ಮಾಡಿ ತೋರಿಸಿದರು. "ಮೆಟ್ಟಿಲ ಎತ್ತರ ಮುಕ್ಕಾಲು ಗೇಣೂ ಇಲ್ಲ. ಮಂಡಿಗೆ ಏನೂ ತ್ರಾಸವಾಗಲಿಲ್ಲ. ಎರಡು ಸಲ ಹತ್ತಿದೆ."