ಕಾಲಂ ಒಂಬತ್ತು ನೋಡಿ ಕಾಲಂ ಹತ್ತು ಬಿಟ್ಟೆ

ವಿರಾಜಪೇಟೆಯಲ್ಲಿ ದಸ್ತಾವೇಜು ಬರೆಯುವ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಕೈಬರಹ ಚೆನ್ನಾಗಿತ್ತು, ಚೆಕ್ಕುಬಂದಿ ಬರೆಯುವುದು ಬಾಯಿಪಾಠ ಆಗಿತ್ತು, ಹಾಗಾಗಿ ಎಲ್ಲ ಗೊತ್ತು ಅಂದುಕೊಂಡಿದ್ದೆ. ಆಗ ಬಂದದ್ದು ಎರಡು ಎಕರೆ ನಲವತ್ತು ಸೆಂಟು ಕಾಫಿ ತೋಟ. ಕೊಳ್ಳುವವರು ಮೈಸೂರಿನವರು. ಪಹಣಿ ತೆಗೆಸಿದೆ. ಕಾಲಂ ಒಂಬತ್ತರಲ್ಲಿ ಮಾರುವವರ ಹೆಸರು ಮಾತ್ರ, ಕಾಲಂ ಹನ್ನೊಂದರಲ್ಲಿ ಸಾಲವಿಲ್ಲ. ಇಸಿ (ಋಣಭಾರ ಪ್ರಮಾಣಪತ್ರ) ಕೂಡ ನಿಲ್. ಕರಾರು ಪತ್ರ ಬರೆದೆ, ಮುಂಗಡ ಕೈ ಬದಲಾಯಿತು.

ಅಳತೆಯ ದಿನ ನಾನೂ ಹೋದೆ. ತೋಟದ ನಡುವೆ ಹಲಸಿನ ಮರದ ಕೆಳಗೆ ಒಂದು ಕೈಮಡ, ಮನೆತನದ ಹಿರಿಯರನ್ನು ಪೂಜಿಸುವ ಗುಡಿ. ಹೆಂಚಿನ ಪುಟ್ಟ ಸೂರು, ಕಲ್ಲಿನ ಮೇಲೆ ದೀಪದ ಮಸಿ, ಪಕ್ಕದಲ್ಲಿ ಒಣಗಿದ ತೆಂಗಿನ ಚಿಪ್ಪು. ಕಾಫಿ ಗಿಡಗಳ ಸಾಲು ಸೀಳಿಕೊಂಡು ಅಲ್ಲಿಗೆ ಹೋಗುವ ಕಾಲುದಾರಿ ತುಳಿದು ತುಳಿದು ಸಿಮೆಂಟಿನಷ್ಟು ಗಟ್ಟಿಯಾಗಿತ್ತು. ಸರ್ವೆಯವರು ಟೇಪು ಹಿಡಿದು ಅದನ್ನು ದಾಟುವ ಹೊತ್ತಿಗೆ ಸೊಪ್ಪಿನ ಹೊರೆ ಹೊತ್ತ ಅಜ್ಜ ಒಬ್ಬರು ಬಂದು ನಿಂತರು.

‘ಅಳೆಯಿರಿ ಅಳೆಯಿರಿ. ವರ್ಷಕ್ಕೊಮ್ಮೆ ನಾವೆಲ್ಲ ಬರೋದು ಬರ್ತೀವಿ’ ಅಂದರು. ಕೋಪವೇನೂ ಇರಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಸಂಜೆ ನಮ್ಮ ಕಚೇರಿಯ ಯಜಮಾನರ ಮುಂದೆ ಪಹಣಿ ಇಟ್ಟೆ. ಅವರು ಕೇಳಿದ್ದು ಒಂದೇ ಮಾತು: ‘ಈ ಹೆಸರು ಇಲ್ಲಿಗೆ ಹೇಗೆ ಬಂತು?’ ಕಾಲಂ ಹತ್ತನ್ನು ನಾನು ಓದಿಯೇ ಇರಲಿಲ್ಲ. ಅಲ್ಲಿ ಪೌತಿ, ಅಂದರೆ ತೀರಿಕೊಂಡವರಿಂದ ವಾರಸಾಗಿ ಬಂದದ್ದು, ಎಂದಿತ್ತು. ಮ್ಯುಟೇಶನ್ ಪ್ರತಿ ತೆಗೆಸಿದಾಗ ಗೊತ್ತಾಯಿತು, ತೀರಿಕೊಂಡ ತಂದೆ ಒಕ್ಕದ (ಒಂದೇ ಮೂಲದ ಮನೆತನದ) ಪಟ್ಟೇದಾರ, ಅಂದರೆ ಮುಖ್ಯಸ್ಥ. ಜಾಗ ಜಮ್ಮಾ, ವಂಶಪಾರಂಪರ್ಯವಾಗಿ ಬರುವ ಹಿಡುವಳಿ. ಕಂದಾಯ ಕಟ್ಟಲು ಒಕ್ಕದ ಪರವಾಗಿ ಅವರ ಹೆಸರು ಇತ್ತು, ಅವರಾದ ಮೇಲೆ ಮಗನ ಹೆಸರು ಬಂದಿತ್ತು. ಹಕ್ಕು ಇಡೀ ಒಕ್ಕದ್ದು, ಹೆಸರು ಒಬ್ಬರದ್ದು.

ಕೊಡಗಿನ ಹೊರಗಿನವರಿಗೆ ಇದು ವಿಚಿತ್ರ ಅನಿಸುತ್ತದೆ. ಇಲ್ಲಿ ಜಮ್ಮಾ, ಸಾಗು, ಉಂಬಳಿ, ಬಾಣೆ, ಪೈಸಾರಿ ಎಂದು ಜಾಗಕ್ಕೆ ಜಾತಿಗಳಿವೆ, ಒಂದೊಂದರ ಹಕ್ಕು ಒಂದೊಂದು ಬಗೆ. ಬಾಣೆ ಮೂಲದಲ್ಲಿ ಗದ್ದೆಗೆ ಅಂಟಿಕೊಂಡು ಬಂದದ್ದು: ದನ ಮೇಯಿಸಲು, ಗೊಬ್ಬರದ ಸೊಪ್ಪಿಗೆ, ಸೌದೆಗೆ. 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಕಾಲದ ಆ ಪದಗಳು ಇವತ್ತಿನ ಕಂಪ್ಯೂಟರ್ ಪಹಣಿಯಲ್ಲೂ ಬಂದು ಕೂತಿವೆ. (ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನ ವಿನಾಯಿತಿ ಇರುವುದು ಎಲ್ಲರಿಗೂ ಗೊತ್ತು. ಆ ಜಾಗ ಮಾರಲು ಎಷ್ಟು ಜನರ ಸಹಿ ಬೇಕು ಎಂದು ಕೇಳಿದರೆ ಮನೆಯವರೇ ತಲೆ ಕೆರೆದುಕೊಳ್ಳುತ್ತಾರೆ.)

ಪಹಣಿ ಸುಳ್ಳು ಅಂತಲ್ಲ. ಬೇರೆ ಸಾಕ್ಷ್ಯ ಬರುವ ತನಕ ಅದರಲ್ಲಿರುವುದೇ ನಿಜ ಎಂದು ಭೂಕಂದಾಯ ಕಾಯ್ದೆಯೇ ಹೇಳುತ್ತದೆ. ಆದರೆ ಅದು ಕಂದಾಯದ ದಾಖಲೆ. ಒಡೆತನ ಹುಟ್ಟುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ವಾರಸು ಇಂಥವುಗಳಿಂದ. ಇಸಿಯಲ್ಲಿ ಕಾಣುವುದು ನೋಂದಣಿಯಾದದ್ದು ಮಾತ್ರ; ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು, ಯಾರೋ ನಡೆದಾಡುವ ದಾರಿ ಅಲ್ಲಿ ಬರುವುದಿಲ್ಲ. ಕರಾರು ಪತ್ರದಿಂದ ಒಡೆತನ ಬರುವುದಿಲ್ಲ. ನೋಂದಣಿ ಆಯಿತು ಎಂದ ಮಾತ್ರಕ್ಕೆ ಮಾರುವವರಿಗೆ ಇಲ್ಲದ ಹಕ್ಕು ಕೊಳ್ಳುವವರಿಗೆ ಸಿಕ್ಕಿಬಿಡುವುದೂ ಇಲ್ಲ. ಕಾಲುದಾರಿಯ ವಿಷಯವಂತೂ, ಇಪ್ಪತ್ತು ವರ್ಷ ಯಾರ ತಡೆಯೂ ಇಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ನಡೆದಾಡಿದ್ದರೆ 1882ರ ಈಸ್‌ಮೆಂಟ್ ಕಾಯ್ದೆ ನಡೆದವರ ಪರವಾಗಿ ನಿಲ್ಲುತ್ತದೆ, ಜಾಗ ಯಾರ ಹೆಸರಲ್ಲೇ ಇರಲಿ.

ಮೈಸೂರಿನವರು ಇನ್ನೊಂದು ಕೇಳಿದ್ದರು: ‘ನಮ್ಮದಾದ ಮೇಲೆ ಆ ದೊಡ್ಡ ಮರ ಕಡಿಸಬಹುದಲ್ಲಾ?’ ನಾನು ಉದಾರವಾಗಿ ‘ಓಹೋ’ ಅಂದಿದ್ದೆ. ಜಾಗ ರಿಡೀಮ್ಡೋ ಅನ್‌ರಿಡೀಮ್ಡೋ ನೋಡಿರಲಿಲ್ಲ. ಮರದ ಬೆಲೆಯನ್ನು ಹಿಂದೆ ಸರ್ಕಾರಕ್ಕೆ ಕಟ್ಟಿರದಿದ್ದರೆ ಮಣ್ಣು, ಕಾಫಿ, ಮೆಣಸು ನಿಮ್ಮದು, ಆ ಕಾಡುಮರ ಸರ್ಕಾರದ್ದು. ನೀವೇ ನೆಟ್ಟ ಸಿಲ್ವರ್ ಓಕ್ ಬೇರೆ ಮಾತು.

ಯಜಮಾನರು ಬೈಯಲಿಲ್ಲ. ನನ್ನ ಬರವಣಿಗೆ ಫೀಸನ್ನು ನಾನೇ ಕೊಳ್ಳುವವರ ಕೈಗೆ ವಾಪಸ್ ಕೊಡುವಂತೆ ಮಾಡಿದರು, ಅಷ್ಟೇ. ಆಮೇಲೆ ಒಕ್ಕದವರನ್ನು ಕೂರಿಸಿದರು. ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ ಒಂಬತ್ತು ಸಹಿ, ಅದರಲ್ಲಿ ಒಂದು ದುಬೈಯಿಂದ ಬರಬೇಕಿತ್ತು. ವಿಭಾಗಪತ್ರ ನೋಂದಣಿ, ಖಾತೆ, ಹನ್ನೊಂದು ಇ ನಕ್ಷೆ (ಮಾರುವ ಭಾಗದ ಸರ್ವೆ ನಕ್ಷೆ), ಇಷ್ಟಾಗಲು ಹದಿನಾಲ್ಕು ತಿಂಗಳು. ಎರಡು ಸಲ ಹೂಮಳೆ ಬಂದು ಹೋಯಿತು. ಮೈಸೂರಿನವರು ಕಾದದ್ದು ನನ್ನ ಪುಣ್ಯ.

ಕ್ರಯಪತ್ರವನ್ನು ಮತ್ತೆ ನಾನೇ ಬರೆದೆ. ಷೆಡ್ಯೂಲಿನ ಕೊನೆಯಲ್ಲಿ ‘ಕೈಮಡವಿರುವ ಮೂರು ಸೆಂಟು ಹಾಗೂ ಅಲ್ಲಿಗೆ ಹೋಗುವ ಎಂಟು ಅಡಿ ದಾರಿಯನ್ನು ಬಿಟ್ಟು’ ಎಂದು ಸೇರಿಸಿದೆ. ನೋಂದಣಿ ದಿನ ಡೇಟಾ ಎಂಟ್ರಿಯ ಹುಡುಗ, ಹೊರಜಿಲ್ಲೆಯವನು, ಕೀಬೋರ್ಡ್ ಮೇಲೆ ಬೆರಳಿಟ್ಟು ಕೇಳಿದ: ‘ಸಾರ್, ಕೈಮಡ ಅಂದ್ರೆ ಏನು, ಶೆಡ್ಡಾ?’ ಸಾಲಿನಲ್ಲಿ ನಿಂತಿದ್ದ ಆ ಅಜ್ಜ ನಕ್ಕುಬಿಟ್ಟರು.